ಸರ್ವರ್ ಬದಲಾಯಿಸಿದ ಮೇಲೆ ಎಸ್‌ಎಫ್‌ಟಿಪಿ ಲಾಗಿನ್ ಆಗ್ತಿಲ್ಲ, ಪಾಸ್‌ವರ್ಡ್ ಸರಿಯಾಗೇ ಇದೆ

ಕಲರ್‌ಲ್ಯಾಬ್_ಮೈಸೂರು:

ಎಲ್ಲರಿಗೂ ನಮಸ್ಕಾರ. ಮೈಸೂರಿನ ಒಂದು ಕಲರ್ ಲ್ಯಾಬಿನಲ್ಲಿ ಕಂಪ್ಯೂಟರ್ ಕಡೆಯ ಕೆಲಸ ನೋಡಿಕೊಳ್ಳುತ್ತೇನೆ. ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣ, ನಂಜನಗೂಡು, ಹುಣಸೂರು ಕಡೆಯ ಸ್ಟುಡಿಯೋದವರು ಮದುವೆ ಆಲ್ಬಂ ಡಿಸೈನ್ ಮಾಡಿ ನಮ್ಮ ಸರ್ವರಿಗೆ ಎಸ್‌ಎಫ್‌ಟಿಪಿಯಲ್ಲಿ (ಎಸ್‌ಎಸ್‌ಎಚ್ ಅನ್ನುವ ಸುರಕ್ಷಿತ ಕನೆಕ್ಷನ್ ಮೇಲೆ ಫೈಲ್ ಕಳಿಸುವ ವಿಧಾನ) ಫೈಲ್ ಹಾಕುತ್ತಾರೆ. ನಾವು ಪ್ರಿಂಟ್ ತೆಗೆದು, ಬೈಂಡ್ ಮಾಡಿಸಿ, ಬಸ್ಸಿಗೆ ಹಾಕಿ ಕಳಿಸುತ್ತೇವೆ.

ಇಷ್ಟು ದಿನ ಲ್ಯಾಬಿನಲ್ಲೇ ಒಂದು ಹಳೇ ಮೆಷಿನ್ ಇತ್ತು, ಉಬುಂಟು 18.04. ಅದಕ್ಕೆ ಮಾಮೂಲಿ ಅಪ್‌ಡೇಟ್ 2023ರ ಮೇ ತಿಂಗಳಿಗೇ ನಿಂತಿತ್ತು. ಆಷಾಢದಲ್ಲಿ ಮದುವೆ ಇರಲ್ಲ, ಕೆಲಸ ಕಮ್ಮಿ. ಆ ಹೊತ್ತಿನಲ್ಲೇ ಎಲ್ಲವನ್ನೂ ಬಾಡಿಗೆಯ ಕ್ಲೌಡ್ ಸರ್ವರಿಗೆ, ಉಬುಂಟು 22.04ಕ್ಕೆ ಸಾಗಿಸಿದೆ. ಯೂಸರ್‌ಗಳು, ಪಾಸ್‌ವರ್ಡ್ ಹ್ಯಾಶ್‌ಗಳು (ಪಾಸ್‌ವರ್ಡನ್ನು ಗುರುತು ಸಿಗದ ಹಾಗೆ ಬದಲಾಯಿಸಿ ಇಟ್ಟ ರೂಪ), ಫೋಲ್ಡರ್‌ಗಳು ಎಲ್ಲ ಬಂದಿವೆ. ಶ್ರಾವಣ ಶುರುವಾಯಿತು, ಫೋನೂ ಶುರುವಾಯಿತು. ಎಲ್ಲರದ್ದೂ ಒಂದೇ ಮಾತು, "ಲಾಗಿನ್ ಆಗ್ತಿಲ್ಲ ಸಾರ್". ಲ್ಯಾಬಿನ ಕಂಪ್ಯೂಟರಿನಿಂದ ನಾನೇ ಟೈಪ್ ಮಾಡಿ ನೋಡಿದೆ, ಆಗಲಿಲ್ಲ. ಹಳೇ ಹ್ಯಾಶ್ ಹೊಸ ಉಬುಂಟುಗೆ ಅರ್ಥವಾಗುತ್ತಿಲ್ಲವೇ? ಎಲ್ಲಿಂದ ಹುಡುಕಲಿ?

ಗುತ್ತಲು_ಕ್ಲಿಕ್:

ಸಾರ್, ನಾನೂ ಮಂಡ್ಯದಲ್ಲಿ ಸ್ಟುಡಿಯೋ ಇಟ್ಟಿದ್ದೇನೆ. ನಿಮ್ಮ ಗಿರಾಕಿ ಅಲ್ಲ, ಆದರೆ ಇದೇ ಪಾಡು ಪಟ್ಟಿದ್ದೇನೆ. ಕೊನೆಗೆ ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಮೈಸೂರು ರೈಲು ಹತ್ತಿದ್ದೇ ಬೇಗ ಆಯಿತು.

ರೂಟ್_ಅಲ್ಲ:

ಗುರು, ಅಪ್‌ಲೋಡ್ ಫೋಲ್ಡರ್‌ಗೆಲ್ಲ ಸುಮ್ನೆ 777 ಪರ್ಮಿಶನ್ (ಯಾರು ಬೇಕಾದರೂ ಓದಬಹುದು, ಬರೆಯಬಹುದು) ಕೊಟ್ಟುಬಿಡು. ಫೈರ್‌ವಾಲ್ ಆಫ್ ಮಾಡು. ನಮ್ಮ ಆಫೀಸಿನಲ್ಲಿ ಹಾಗೇ ಸರಿಹೋಯಿತು.

ಟರ್ಮಿನಲ್_ತಾತ:

777 ಬೇಡಪ್ಪ, ಅದನ್ನು ಮಾತ್ರ ಮಾಡಬೇಡ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಹ್ಯಾಶ್ ವಿಚಾರ. ಹ್ಯಾಶ್ ಇಡುವ ಶ್ಯಾಡೋ ಫೈಲಿನಲ್ಲಿ ಹಳೇ ಸಾಲುಗಳು ಡಾಲರ್ 6 ಡಾಲರ್ ಅಂತ ಶುರುವಾಗುತ್ತವೆ. ಅದು ಎಸ್‌ಎಚ್‌ಎ-512 ಅನ್ನುವ ಹ್ಯಾಶ್ ವಿಧಾನ. 22.04 ಹೊಸ ಪಾಸ್‌ವರ್ಡ್‌ಗಳನ್ನು ಯೆಸ್‌ಕ್ರಿಪ್ಟ್ ಅನ್ನುವ ಇನ್ನೊಂದು ವಿಧಾನದಲ್ಲಿ ಬರೆಯುತ್ತದೆ. ಹಾಗಂತ ಹಳೇದನ್ನು ಓದುವುದು ಬಿಟ್ಟಿಲ್ಲ. ಆ ಚಿಂತೆ ಬಿಡು.

"ಲಾಗಿನ್ ಆಗ್ತಿಲ್ಲ" ಅನ್ನುವುದರೊಳಗೆ ಕಮ್ಮಿ ಅಂದರೂ ನಾಲ್ಕು ಬೇರೆ ಬೇರೆ ಕಾಯಿಲೆ ಇರುತ್ತವೆ. ಕನೆಕ್ಷನ್ನೇ ಸರ್ವರಿಗೆ ಮುಟ್ಟದಿರಬಹುದು. ಮುಟ್ಟಿದ ಮೇಲೆ ಎರಡೂ ಕಡೆಯವರು ಒಪ್ಪುವ ಆಲ್ಗರಿದಮ್ ಸಿಗದಿರಬಹುದು. ಪಾಸ್‌ವರ್ಡ್ ಅಥವಾ ಕೀ (ಪಾಸ್‌ವರ್ಡ್ ಬದಲು ಬಳಸುವ ಗುರುತಿನ ಫೈಲ್) ತಿರಸ್ಕಾರ ಆಗಬಹುದು. ಕೊನೆಯದು ಬಹಳ ಜನಕ್ಕೆ ಹೊಳೆಯುವುದೇ ಇಲ್ಲ: ಪಾಸ್‌ವರ್ಡ್ ಪಾಸ್ ಆಗಿ, ಒಳಗೆ ಕಾಲಿಟ್ಟ ತಕ್ಷಣ ಸೆಷನ್ ಬಿದ್ದುಹೋಗಬಹುದು. ಸ್ಟುಡಿಯೋದವರಿಗೆ ನಾಲ್ಕೂ ಒಂದೇ ಥರ ಕಾಣುತ್ತದೆ.

ಕ್ಲೈಂಟ್ ಏನು ಹೇಳುತ್ತದೆ ಅನ್ನುವುದನ್ನು ಜಾಸ್ತಿ ನಂಬಬೇಡ. ಕದ್ದು ನುಗ್ಗುವವನಿಗೆ ಸುಳಿವು ಸಿಗಬಾರದು ಅಂತ ಸರ್ವರ್ ಬೇಕೆಂದೇ ಹೊರಗಿನವರಿಗೆ ಕಾರಣ ಹೇಳುವುದಿಲ್ಲ. ಯೂಸರ್ ಹೆಸರೇ ಇಲ್ಲದಿದ್ದರೂ ಪಾಸ್‌ವರ್ಡ್ ಕೇಳಿ, ಆಮೇಲೆ ಡಿನೈಡ್ ಅನ್ನುತ್ತದೆ. ನಿಜವಾದ ಕಾರಣ ಸರ್ವರ್ ಒಳಗಿನ ಲಾಗ್‌ನಲ್ಲಿ ಇರುತ್ತದೆ. ಉಬುಂಟುನಲ್ಲಿ ವಾರ್ ಲಾಗ್ ಒಳಗಿನ ಆಥ್.ಲಾಗ್. ರೆಡ್‌ಹ್ಯಾಟ್ ಕುಟುಂಬದಲ್ಲಾದರೆ ಅದೇ ಜಾಗದಲ್ಲಿ ಸೆಕ್ಯೂರ್ ಅನ್ನುವ ಫೈಲ್. ಅದರ ಮೇಲೆ ಟೇಲ್ ಹೈಫನ್ ಎಫ್ ಓಡಿಸಿಕೊಂಡು ಕೂತುಕೋ, ಹೊಸ ಸಾಲು ಬಂದ ಹಾಗೇ ತೋರಿಸುತ್ತದೆ. ಒಬ್ಬ ಸ್ಟುಡಿಯೋದವರಿಗೆ ಫೋನ್ ಮಾಡಿ "ಈಗ ಒಂದು ಸಲ ಒತ್ತಿ" ಅನ್ನು. ಒಬ್ಬರೇ, ಒಂದೇ ಸಲ. ಬರುವ ಸಾಲುಗಳನ್ನು ಇಲ್ಲಿ ಹಾಕು, ಐಪಿ ಅಳಿಸಿ.

ಹೆಬ್ಬಾಳ_ನೈಟ್‌ಶಿಫ್ಟ್:

ತಾತ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಪಬ್ಲಿಕ್ ಐಪಿ ಇರುವ ಸರ್ವರ್ ಆದ್ದರಿಂದ ಆಥ್.ಲಾಗ್ ತುಂಬ ಯಾರ್ಯಾರೋ ರೂಟ್ (ಎಲ್ಲ ಅಧಿಕಾರ ಇರುವ ಯೂಸರ್), ಅಡ್ಮಿನ್, ಟೆಸ್ಟ್ ಅಂತ ಬಡಿಯುತ್ತಿರುತ್ತಾರೆ. ಅದನ್ನು ನೋಡಿ ಗಾಬರಿ ಆಗಬೇಡಿ. ನಿಮ್ಮ ಸ್ಟುಡಿಯೋ ಯೂಸರ್ ಹೆಸರಿನ ಮೇಲೆ ಗ್ರೆಪ್ ಮಾಡಿ, ಆ ಸಾಲುಗಳನ್ನಷ್ಟೇ ಹುಡುಕಿಕೊಳ್ಳಿ.

ಕಲರ್‌ಲ್ಯಾಬ್_ಮೈಸೂರು:

ನಾಲ್ಕು ಕಡೆ ಫೋನ್ ಮಾಡಿದೆ. ತಾತ, ನೀವು ಹೇಳಿದ್ದು ನಿಜ. ಒಂದೊಂದು ಕಡೆಯದ್ದೂ ಒಂದೊಂದು ಕಥೆ.

ಮದ್ದೂರಿನವರು ಫೈಲ್‌ಜಿಲ್ಲಾ ಅನ್ನುವ ಅಪ್‌ಲೋಡ್ ಸಾಫ್ಟ್‌ವೇರ್ ಬಳಸುತ್ತಾರೆ. ಅವರಿಗೆ "ನೋ ಸಪೋರ್ಟೆಡ್ ಆಥೆಂಟಿಕೇಶನ್ ಮೆಥಡ್ಸ್ ಅವೈಲಬಲ್, ಸರ್ವರ್ ಸೆಂಟ್ ಪಬ್ಲಿಕ್‌ಕೀ" ಅಂತ ಬರುತ್ತದೆ. ಪಾಸ್‌ವರ್ಡ್ ಲಾಗಿನ್ ಇರುವ ಎಲ್ಲರಿಗೂ ಇದೇ.

ನಂಜನಗೂಡಿನವರದ್ದು ಕೀ ಲಾಗಿನ್, ತುಂಬಾ ಹಳೇ ಅಪ್‌ಲೋಡ್ ಸಾಫ್ಟ್‌ವೇರ್. ಲಾಗ್‌ನಲ್ಲಿ ಎಸ್‌ಎಸ್‌ಎಚ್-ಆರ್‌ಎಸ್‌ಎ "ನಾಟ್ ಇನ್ ಪಬ್‌ಕೀ ಆಕ್ಸೆಪ್ಟೆಡ್ ಆಲ್ಗರಿದಮ್ಸ್" ಅಂತ ಇದೆ.

ಹುಣಸೂರಿನವರದ್ದೂ ಕೀ. ಅಲ್ಲಿ "ಆಥೆಂಟಿಕೇಶನ್ ರೆಫ್ಯೂಸ್ಡ್, ಬ್ಯಾಡ್ ಓನರ್‌ಶಿಪ್ ಆರ್ ಮೋಡ್ಸ್ ಫಾರ್ ಡೈರೆಕ್ಟರಿ".

ಶ್ರೀರಂಗಪಟ್ಟಣದವರದ್ದೂ ಕೀ. ಅವರದ್ದು ವಿಚಿತ್ರ. ಲಾಗ್‌ನಲ್ಲಿ "ಆಕ್ಸೆಪ್ಟೆಡ್ ಪಬ್ಲಿಕ್‌ಕೀ" ಅಂತಿದೆ, ಅಂದರೆ ಲಾಗಿನ್ ಆಗಿದೆ! ಆದರೆ ಅವರ ಅಪ್‌ಲೋಡ್ ಸಾಫ್ಟ್‌ವೇರ್ ವಿನ್‌ಎಸ್‌ಸಿಪಿ 1416128883 ಬೈಟ್‌ನ ಪ್ಯಾಕೆಟ್ ಬಂತು, ತುಂಬಾ ದೊಡ್ಡದು ಅನ್ನುತ್ತದೆ. ಒಂದು ಫೈಲೂ ಕಳಿಸಿಲ್ಲ, ಸುಮಾರು 1.4 ಜಿಬಿ ಎಲ್ಲಿಂದ ಬಂತು?

ಟರ್ಮಿನಲ್_ತಾತ:

ಆಹಾ, 1416128883! ಈ ನಂಬರ್ ನನಗೆ ಹಳೇ ಪರಿಚಯ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ, ಮೊದಲು ಮದ್ದೂರು ಸರಿ ಮಾಡೋಣ. ಜಾಸ್ತಿ ಜನ ಅಲ್ಲೇ ನಿಂತಿದ್ದಾರೆ.

"ಸರ್ವರ್ ಸೆಂಟ್ ಪಬ್ಲಿಕ್‌ಕೀ" ಅಂದರೆ ನಿನ್ನ ಸರ್ವರ್ ಪಾಸ್‌ವರ್ಡ್ ತಗೊಳ್ಳುವುದನ್ನೇ ನಿಲ್ಲಿಸಿದೆ. ಟೈಪ್ ಮಾಡಿದ್ದು ಸರಿಯೋ ತಪ್ಪೋ ಅಂತ ನೋಡುವ ಹಂತಕ್ಕೇ ಹೋಗಿಲ್ಲ. ಎಸ್‌ಎಸ್‌ಎಚ್‌ಡಿ (ಸರ್ವರ್ ಕಡೆ ಎಸ್‌ಎಸ್‌ಎಚ್ ಲಾಗಿನ್ ನೋಡಿಕೊಳ್ಳುವ ಪ್ರೋಗ್ರಾಂ) ಕಾನ್ಫಿಗ್‌ನಲ್ಲಿ ಪಾಸ್‌ವರ್ಡ್‌ಆಥೆಂಟಿಕೇಶನ್ ಏನಿದೆ?

ಕಲರ್‌ಲ್ಯಾಬ್_ಮೈಸೂರು:

ಯೆಸ್ ಅಂತಲೇ ಇದೆ. ಅದಕ್ಕೇ ತಲೆ ಕೆಟ್ಟಿದ್ದು.

ಹೆಬ್ಬಾಳ_ನೈಟ್‌ಶಿಫ್ಟ್:

ಕ್ಲೌಡ್ ಸರ್ವರ್ ಅಲ್ವಾ? ಹಾಗಾದರೆ ಎಸ್‌ಎಸ್‌ಎಚ್‌ಡಿ_ಕಾನ್ಫಿಗ್.ಡಿ ಅನ್ನುವ ಫೋಲ್ಡರ್ ಒಳಗೆ ನೋಡಿ. 50-ಕ್ಲೌಡ್-ಇನಿಟ್.ಕಾನ್ಫ್ ಅನ್ನುವ ಪುಟ್ಟ ಫೈಲ್ ಇರುತ್ತದೆ. ಅದರಲ್ಲಿ ಪಾಸ್‌ವರ್ಡ್‌ಆಥೆಂಟಿಕೇಶನ್ ನೋ ಅಂತ ಒಂದೇ ಸಾಲು.

ನೀವು ನೋಡಿದ ದೊಡ್ಡ ಕಾನ್ಫಿಗ್ ಫೈಲಿನ ತಲೆಯಲ್ಲೇ ಒಂದು ಇನ್‌ಕ್ಲೂಡ್ ಸಾಲು ಇದೆ, ಅದು ಈ ಫೋಲ್ಡರನ್ನು ಮೊದಲು ಓದಿಸುತ್ತದೆ. ಎಸ್‌ಎಸ್‌ಎಚ್‌ಡಿಯಲ್ಲಿ ಒಂದು ಸೆಟ್ಟಿಂಗ್ ಎರಡು ಕಡೆ ಇದ್ದರೆ ಮೊದಲು ಸಿಕ್ಕಿದ್ದೇ ಲೆಕ್ಕ, ಆಮೇಲಿನದ್ದಕ್ಕೆ ಬೆಲೆಯಿಲ್ಲ. ಬಸ್ಸಿನ ಕಿಟಕಿಯಿಂದ ಮೊದಲು ಟವೆಲ್ ಹಾಕಿದವನದೇ ಸೀಟು, ಹಾಗೆ. ಬೇರೆ ಎಷ್ಟೋ ಪ್ರೋಗ್ರಾಂಗಳಲ್ಲಿ ಕೊನೆಯದು ಗೆಲ್ಲುತ್ತದೆ, ಅದರಿಂದಲೇ ಎಲ್ಲರೂ ಎಡವುವುದು.

ಫೈಲ್ ಓದಿ ತಲೆ ಕೆಡಿಸಿಕೊಳ್ಳುವ ಬದಲು ಸುಡೋ ಎಸ್‌ಎಸ್‌ಎಚ್‌ಡಿ ಹೈಫನ್ ಕ್ಯಾಪಿಟಲ್ ಟಿ ಓಡಿಸಿ. ಎಲ್ಲ ಫೈಲ್ ಓದಿ ಮುಗಿದ ಮೇಲೆ ಯಾವುದು ಜಾರಿಯಲ್ಲಿದೆ ಅನ್ನುವುದನ್ನು ಅದು ಸಾಲುಸಾಲಾಗಿ ಉಗುಳುತ್ತದೆ.

ಕಲರ್‌ಲ್ಯಾಬ್_ಮೈಸೂರು:

ಅಲ್ಲೇ ಕೂತಿತ್ತು! ಕ್ಯಾಪಿಟಲ್ ಟಿ ಕೊಟ್ಟಾಗ ಪಾಸ್‌ವರ್ಡ್‌ಆಥೆಂಟಿಕೇಶನ್ ನೋ ಅಂತಲೇ ಬಂತು. ಆ ಪುಟ್ಟ ಫೈಲಿನಲ್ಲಿ ನೋ ತೆಗೆದು ಯೆಸ್ ಮಾಡಲೇ?

ಟರ್ಮಿನಲ್_ತಾತ:

ಬೇಡ. ಆ ಫೈಲ್ ಕ್ಲೌಡ್-ಇನಿಟ್‌ನದು (ಕ್ಲೌಡ್ ಸರ್ವರನ್ನು ಶುರುವಿನಲ್ಲಿ ಸಿದ್ಧ ಮಾಡುವ ಪ್ರೋಗ್ರಾಂ), ಮುಂದೆ ಅದು ಮತ್ತೆ ತನಗೆ ಬೇಕಾದ ಹಾಗೆ ಬರೆದುಕೊಳ್ಳಬಹುದು. ಅದಕ್ಕಿಂತ ಮುಖ್ಯ, ರೂಟ್‌ಗೂ ನಿನ್ನ ಸ್ವಂತ ಯೂಸರ್‌ಗೂ ಪಾಸ್‌ವರ್ಡ್ ಯಾಕೆ ತೆರೆದಿಡಬೇಕು? ಎಲ್ಲರಿಗೂ ನೋ ಇರಲಿ. ಸ್ಟುಡಿಯೋದವರನ್ನೆಲ್ಲ ಒಂದು ಗ್ರೂಪಿಗೆ ಹಾಕು. ದೊಡ್ಡ ಫೈಲಿನ ಕೊನೆಯಲ್ಲಿ ಮ್ಯಾಚ್ ಗ್ರೂಪ್ ಅಂತ ಒಂದು ಭಾಗ ತೆರೆದು, ಅದರೊಳಗೆ ಮಾತ್ರ ಪಾಸ್‌ವರ್ಡ್‌ಆಥೆಂಟಿಕೇಶನ್ ಯೆಸ್ ಕೊಡು. ಮೊದಲು ಬಂದದ್ದೇ ಲೆಕ್ಕ ಅನ್ನುವ ನಿಯಮ ಇದ್ದರೂ ಮ್ಯಾಚ್ ಒಳಗಿನದ್ದು ಹೊರಗಿನದ್ದನ್ನು ಮೀರುತ್ತದೆ. ಪರೀಕ್ಷೆಗೆ ಅದೇ ಕ್ಯಾಪಿಟಲ್ ಟಿ ಜೊತೆ ಹೈಫನ್ ಕ್ಯಾಪಿಟಲ್ ಸಿ ಹಾಕಿ ಯೂಸರ್ ಹೆಸರು ಕೊಡು. ಆ ಯೂಸರ್‌ಗೆ ಏನು ಅನ್ವಯ ಅಂತ ತೋರಿಸುತ್ತದೆ.

ಸರ್ವಿಸ್ ರೀಸ್ಟಾರ್ಟ್ ಮಾಡುವ ಮುಂಚೆ ಸಣ್ಣ ಟಿ ಓಡಿಸು, ಬರೆದದ್ದರಲ್ಲಿ ತಪ್ಪಿದ್ದರೆ ಹೇಳುತ್ತದೆ. ಮತ್ತೆ, ಈಗಿರುವ ಎಸ್‌ಎಸ್‌ಎಚ್ ಕಿಟಕಿ ಮುಚ್ಚಬೇಡ. ಇನ್ನೊಂದು ಕಿಟಕಿಯಿಂದ ಹೊಸದಾಗಿ ಲಾಗಿನ್ ಆಗುವವರೆಗೆ ಅದು ತೆರೆದೇ ಇರಲಿ.

ಈಗ ಹುಣಸೂರು. ಆ ಯೂಸರ್‌ನ ಹೋಮ್ ಫೋಲ್ಡರ್ ಯಾರ ಹೆಸರಿನಲ್ಲಿದೆ ನೋಡು. ನೀನು ಹಳೇ ಮೆಷಿನ್ನಿಂದ ಟಾರ್ ಮಾಡಿ (ಎಲ್ಲ ಒಂದೇ ಕಟ್ಟಾಗಿ ಕಟ್ಟಿ) ತಂದಿದ್ದರೆ, ಯೂಸರ್‌ಗಳನ್ನು ಸೃಷ್ಟಿಸುವ ಮುಂಚೆ ಬಿಚ್ಚಿದ್ದರೆ, ಫೈಲ್‌ಗಳಿಗೆ ಹಳೇ ಯುಐಡಿ ನಂಬರ್ (ಯೂಸರ್‌ನ ಗುರುತಿನ ಸಂಖ್ಯೆ) ಉಳಿದುಕೊಂಡಿರುತ್ತದೆ. ಹೊಸ ಮೆಷಿನ್ನಿನಲ್ಲಿ ಆ ನಂಬರ್ ಬೇರೆಯವರಿಗೆ ಹೋಗಿರುತ್ತದೆ. ಇನ್ನೊಬ್ಬರ ಕೈಯಲ್ಲಿರುವ ಕೀ ಫೈಲನ್ನು ಎಸ್‌ಎಸ್‌ಎಚ್ ನಂಬುವುದಿಲ್ಲ.

ಕಲರ್‌ಲ್ಯಾಬ್_ಮೈಸೂರು:

ಹೌದು ತಾತ, ಹುಣಸೂರಿನವರ ಫೋಲ್ಡರ್ ನಂಜನಗೂಡಿನವರ ಹೆಸರಿನಲ್ಲಿದೆ!! ಎಲ್ಲರದ್ದೂ ಅದಲುಬದಲು. ಚೌನ್ ಮಾಡಿ (ಫೋಲ್ಡರಿನ ಮಾಲೀಕರನ್ನು ಬದಲಾಯಿಸುವ ಕಮಾಂಡ್) ಒಬ್ಬೊಬ್ಬರದ್ದೇ ಸರಿ ಮಾಡಿದೆ. ಹುಣಸೂರು ಲಾಗಿನ್ ಆಯಿತು. ಮದ್ದೂರಿನವರೂ ಫೈಲ್ ಹಾಕಿದರು.

ರೂಟ್_ಅಲ್ಲ:

ನಾನು ಹೇಳಿದ್ದು ಅದೇ ಅಲ್ವಾ? 777 ಕೊಟ್ಟಿದ್ದರೆ ಯಾರ ಫೋಲ್ಡರ್ ಆದರೇನು, ಎಲ್ಲರೂ ಬರೆಯಬಹುದಿತ್ತು.

ಟರ್ಮಿನಲ್_ತಾತ:

ಅಲ್ಲ ಮಗನೇ. 777 ಕೊಟ್ಟರೂ ಅದೇ "ಬ್ಯಾಡ್ ಓನರ್‌ಶಿಪ್ ಆರ್ ಮೋಡ್ಸ್" ಸಾಲು ಬರುತ್ತಿತ್ತು. ಸ್ಟ್ರಿಕ್ಟ್‌ಮೋಡ್ಸ್ ಅಂತ ಒಂದು ಸೆಟ್ಟಿಂಗ್ ಇದೆ, ತಾನಾಗೇ ಆನ್ ಇರುತ್ತದೆ. ಹೋಮ್ ಫೋಲ್ಡರ್, ಡಾಟ್ ಎಸ್‌ಎಸ್‌ಎಚ್ ಫೋಲ್ಡರ್, ಒಪ್ಪಿದ ಕೀಗಳ ಪಟ್ಟಿ ಇರುವ ಆಥರೈಸ್ಡ್_ಕೀಸ್ ಫೈಲ್, ಈ ಮೂರರಲ್ಲಿ ಯಾವುದಕ್ಕಾದರೂ ಬೇರೆಯವರು ಬರೆಯಬಹುದಾದರೆ ಕೀಯನ್ನೇ ಒಪ್ಪುವುದಿಲ್ಲ. ಯಾಕೆ? ಅಲ್ಲಿ ಬರೆಯಬಲ್ಲವನು ತನ್ನ ಕೀ ಸೇರಿಸಿ ನಿನ್ನ ಹೆಸರಿನಲ್ಲಿ ಒಳಗೆ ಬರಬಹುದು. ಡಾಟ್ ಎಸ್‌ಎಸ್‌ಎಚ್‌ಗೆ 700, ಕೀ ಫೈಲ್‌ಗೆ 600, ಹೋಮ್‌ಗೆ 755 ಅಥವಾ ಅದಕ್ಕಿಂತ ಬಿಗಿ. ನಿಮ್ಮ ಆಫೀಸಿನಲ್ಲಿ ಪಾಸ್‌ವರ್ಡ್ ಲಾಗಿನ್ ಇದ್ದಿರಬೇಕು, ಅದಕ್ಕೆ ಸ್ಟ್ರಿಕ್ಟ್‌ಮೋಡ್ಸ್ ಗೊಡವೆ ಇಲ್ಲ.

ರೂಟ್_ಅಲ್ಲ:

ಪಾಸ್‌ವರ್ಡೇ ಇದೆ. ಸರಿ ಬಿಡಿ, ಹೆಸರಿಗೆ ತಕ್ಕ ಹಾಗೆ ರೂಟ್ ನನ್ನ ಕೈಗೆ ಕೊಡಬೇಡಿ 😄

ಹೆಬ್ಬಾಳ_ನೈಟ್‌ಶಿಫ್ಟ್:

ನಂಜನಗೂಡಿನದ್ದು ನಾನು ಹೇಳುತ್ತೇನೆ. 18.04ರಲ್ಲಿ ಇದ್ದ ಎಸ್‌ಎಸ್‌ಎಚ್ ಸಾಫ್ಟ್‌ವೇರ್ ಓಪನ್‌ಎಸ್‌ಎಸ್‌ಎಚ್ 7.6, ಈಗ ಇರುವುದು 8.9. ನಡುವೆ 2021ರಲ್ಲಿ ಬಂದ 8.8ರಿಂದ ಎಸ್‌ಎಚ್‌ಎ-1 ಅನ್ನುವ ಹಳೇ ಹ್ಯಾಶ್ ಬಳಸುವ ಆರ್‌ಎಸ್‌ಎ ಕೀಯ ಸಹಿಯನ್ನು ತಾನಾಗೇ ಆಫ್ ಮಾಡಿದ್ದಾರೆ. ಲಾಗ್‌ನಲ್ಲಿರುವ ಎಸ್‌ಎಸ್‌ಎಚ್-ಆರ್‌ಎಸ್‌ಎ ಅಂದರೆ ಅದೇ. 2017ರಲ್ಲೇ ಒಂದೇ ಎಸ್‌ಎಚ್‌ಎ-1 ಹ್ಯಾಶ್ ಬರುವ ಎರಡು ಬೇರೆ ಪಿಡಿಎಫ್ ಮಾಡಿ ತೋರಿಸಿದ್ದರು. ಆಮೇಲೆ ಅದನ್ನು ನಂಬುವುದು ಹೇಗೆ?

ಕೀ ಕೆಟ್ಟಿಲ್ಲ, ಇದನ್ನು ಗಮನಿಸಿ. ಅದೇ ಆರ್‌ಎಸ್‌ಎ ಕೀಯಿಂದ ಹೊಸ ಸಾಫ್ಟ್‌ವೇರ್ ಎಸ್‌ಎಚ್‌ಎ-2 ಸಹಿ ಹಾಕುತ್ತದೆ, ಆಗ ಸರ್ವರ್ ಒಪ್ಪುತ್ತದೆ. ಅವರ ಸಾಫ್ಟ್‌ವೇರ್ ಅಪ್‌ಡೇಟ್ ಆದರೆ ಮುಗಿಯಿತು. ಕೂಡಲೇ ಆಗದಿದ್ದರೆ ಅವರೊಬ್ಬರಿಗೆ ಮಾತ್ರ ಮ್ಯಾಚ್ ಯೂಸರ್ ಒಳಗೆ ಪಬ್‌ಕೀ‌ಆಕ್ಸೆಪ್ಟೆಡ್‌ಆಲ್ಗರಿದಮ್ಸ್‌ಗೆ ಪ್ಲಸ್ ಚಿಹ್ನೆ ಹಾಕಿ ಎಸ್‌ಎಸ್‌ಎಚ್-ಆರ್‌ಎಸ್‌ಎ ಸೇರಿಸಿ. ಪ್ಲಸ್ ಮರೆತರೆ ಉಳಿದ ಆಲ್ಗರಿದಮ್ ಎಲ್ಲ ಹೋಗಿ ಇದೊಂದೇ ಉಳಿಯುತ್ತದೆ.

ಕಲರ್‌ಲ್ಯಾಬ್_ಮೈಸೂರು:

ಅವರಿಗೆ ದಸರೆವರೆಗೆ ಮಾತ್ರ ಹೀಗೆ ಬಿಡುತ್ತೇನೆ, ಆಮೇಲೆ ಹೊಸ ಸಾಫ್ಟ್‌ವೇರ್ ಹಾಕಿಕೊಳ್ಳಿ ಅಂದಿದ್ದೇನೆ. ಒಪ್ಪಿದ್ದಾರೆ. ತಾತ, ಈಗ ಆ ನಂಬರ್ ಹೇಳಿ.

ಟರ್ಮಿನಲ್_ತಾತ:

ಹೇಳುತ್ತೇನೆ ಕೇಳು. ಎಸ್‌ಎಫ್‌ಟಿಪಿಯಲ್ಲಿ ಪ್ರತಿ ಪ್ಯಾಕೆಟ್ಟಿನ ಮೊದಲ 4 ಬೈಟ್ ಅದರ ಉದ್ದ. ಸರ್ವರ್ ಕಡೆಯಿಂದ ಮೊದಲು ಬಂದ 4 ಬೈಟನ್ನು ಕ್ಲೈಂಟ್ ಉದ್ದ ಅಂತ ಓದುತ್ತದೆ. 1416128883ನ್ನು ಹೆಕ್ಸ್‌ಗೆ ತಿರುಗಿಸಿದರೆ 54 68 69 73. ಪ್ರತಿ ಅಕ್ಷರಕ್ಕೂ ಒಂದು ನಂಬರ್ ಕೊಡುವ ಆಸ್ಕಿ ಪಟ್ಟಿಯಲ್ಲಿ ಅವು ನಾಲ್ಕು ಇಂಗ್ಲಿಷ್ ಅಕ್ಷರ: ಟಿ, ಎಚ್, ಐ, ಎಸ್. ಅಂದರೆ "ದಿಸ್".

ಯಾರೋ "ದಿಸ್" ಅಂತ ಮಾತು ಶುರು ಮಾಡಿದ್ದಾರೆ. ಯಾರು? ನೋಲಾಗಿನ್! ಶೆಲ್ (ಕಮಾಂಡ್ ತಗೊಳ್ಳುವ ಪ್ರೋಗ್ರಾಂ) ಬೇಡದ ಯೂಸರ್‌ಗೆ ಅದರ ಬದಲು ಕೊಡುವ ಪುಟ್ಟ ಪ್ರೋಗ್ರಾಂ ಅದು. "ದಿಸ್ ಅಕೌಂಟ್ ಈಸ್ ಕರೆಂಟ್ಲಿ ನಾಟ್ ಅವೈಲಬಲ್" ಅನ್ನುವುದು ಅದು ಹೇಳುವ ಒಂದೇ ವಾಕ್ಯ. ಕ್ಲೈಂಟ್ ಆ ಇಂಗ್ಲಿಷನ್ನು ಸಂಖ್ಯೆ ಅಂತ ಓದಿ, ಸುಮಾರು 1.4 ಜಿಬಿ ಬರುತ್ತಿದೆ ಅಂತ ಹೆದರಿ ಓಡಿದೆ. ಶ್ರೀರಂಗಪಟ್ಟಣದ ಯೂಸರ್‌ಗೆ ಶೆಲ್ ಏನು ಕೊಟ್ಟಿದ್ದೀಯ?

ಕಲರ್‌ಲ್ಯಾಬ್_ಮೈಸೂರು:

ತಾತ, ಕಾಲಿಗೆ ಬೀಳಬೇಕು ನಿಮಗೆ. ಯೂಸರ್ ಎಸ್‌ಬಿನ್ ನೋಲಾಗಿನ್. ಅವರು ಫೈಲ್ ಹಾಕಿದರೆ ಸಾಕು, ಶೆಲ್ ಬೇಡ ಅಂತ ಹಾಗೆ ಮಾಡಿದ್ದು. ಹಳೇ ಮೆಷಿನ್ನಿನಲ್ಲೂ ಹಾಗೇ ಇತ್ತು, ಕೆಲಸ ಮಾಡುತ್ತಿತ್ತಲ್ಲ?

ಟರ್ಮಿನಲ್_ತಾತ:

ಹಳೇ ಕಾನ್ಫಿಗ್ ಇದ್ದರೆ ಸಬ್‌ಸಿಸ್ಟಂ ಅಂತ ಶುರುವಾಗುವ ಸಾಲು ನೋಡು. ಇಂಟರ್ನಲ್-ಎಸ್‌ಎಫ್‌ಟಿಪಿ ಅಂತ ಇದ್ದಿರಬೇಕು. ಹೊಸ ಮೆಷಿನ್ನಿನಲ್ಲಿ ಎಸ್‌ಎಫ್‌ಟಿಪಿ-ಸರ್ವರ್ ಅನ್ನುವ ಪ್ರೋಗ್ರಾಮಿನ ಪಾತ್ ಇರುತ್ತದೆ. ಹೊರಗಿನ ಪ್ರೋಗ್ರಾಂ ಆದರೆ ಎಸ್‌ಎಸ್‌ಎಚ್‌ಡಿ ಅದನ್ನು ಯೂಸರ್‌ನ ಶೆಲ್ ಮೂಲಕ ಓಡಿಸುತ್ತದೆ. ಶೆಲ್ ನೋಲಾಗಿನ್ ಆದರೆ ಅದು ತನ್ನ ವಾಕ್ಯ ಹೇಳಿ ಮುಗಿಸುತ್ತದೆ. ಇಂಟರ್ನಲ್ ಆದರೆ ಕೆಲಸ ಎಸ್‌ಎಸ್‌ಎಚ್‌ಡಿ ಒಳಗೇ ನಡೆಯುತ್ತದೆ, ಶೆಲ್ ಬೇಕಾಗಿಲ್ಲ.

ಇದೇ ಜಾತಿಯ ಇನ್ನೊಂದು ಕಾಯಿಲೆ ಬ್ಯಾಶ್‌ಆರ್‌ಸಿಯಲ್ಲಿ (ಶೆಲ್ ಶುರುವಾಗುವಾಗ ಓಡುವ ಫೈಲ್) ಎಕೋ ಹಾಕುವುದು. ಯಾರೋ ಚೆಂದಕ್ಕೆ ಸ್ವಾಗತ ಸಂದೇಶ ಬರೆದಿರುತ್ತಾರೆ. ಎಸ್‌ಎಸ್‌ಎಚ್ ಸಲೀಸಾಗಿ ಆಗುತ್ತದೆ, ಎಸ್‌ಎಫ್‌ಟಿಪಿ ಮಾತ್ರ ಇಂಥದ್ದೇ ದೊಡ್ಡ ನಂಬರ್ ಹೇಳಿ ಬೀಳುತ್ತದೆ. ನಂಬರನ್ನು ಅಕ್ಷರಕ್ಕೆ ತಿರುಗಿಸಿದರೆ ಯಾರ ಮಾತು ಅಂತ ಸಿಕ್ಕಿಬಿಡುತ್ತದೆ.

ನಿನ್ನ ಮ್ಯಾಚ್ ಗ್ರೂಪ್ ಒಳಗೇ ಫೋರ್ಸ್‌ಕಮಾಂಡ್ ಇಂಟರ್ನಲ್-ಎಸ್‌ಎಫ್‌ಟಿಪಿ ಅಂತ ಸೇರಿಸು. ಜೊತೆಗೆ ಕ್ರೂಟ್‌ಡೈರೆಕ್ಟರಿ (ಯೂಸರ್ ತನ್ನ ಫೋಲ್ಡರಿನ ಆಚೆ ಹೋಗದಂತೆ ತಡೆಯುವ ಸೆಟ್ಟಿಂಗ್) ಕೊಟ್ಟರೆ ಒಬ್ಬ ಸ್ಟುಡಿಯೋದವರಿಗೆ ಇನ್ನೊಬ್ಬರ ಮದುವೆ ಫೋಟೋ ಕಾಣುವುದಿಲ್ಲ.

ಕಬ್ಬಿನಹಾಲು:

ಮಧ್ಯೆ ಬಾಯಿ ಹಾಕುತ್ತಿದ್ದೇನೆ ಅಣ್ಣ. ಕ್ರೂಟ್ ಹಾಕುವಾಗ ಹುಷಾರು. ಆ ಫೋಲ್ಡರ್ ರೂಟ್‌ನದೇ ಆಗಿರಬೇಕು. ಗ್ರೂಪಿಗೂ ಬೇರೆಯವರಿಗೂ ಬರೆಯುವ ಹಕ್ಕು ಇರಬಾರದು. ಅದರ ಮೇಲಿನ ಫೋಲ್ಡರ್‌ಗಳಿಗೂ ಇದೇ ನಿಯಮ, ತುದಿವರೆಗೆ. ಇಲ್ಲದಿದ್ದರೆ ಪಾಸ್‌ವರ್ಡ್ ಆಕ್ಸೆಪ್ಟೆಡ್ ಅಂದು ಮರುಕ್ಷಣವೇ ಕನೆಕ್ಷನ್ ಕಟ್. ಫೈಲ್ ಹಾಕುವುದಕ್ಕೆ ಒಳಗೆ ಇನ್ನೊಂದು ಫೋಲ್ಡರ್ ಮಾಡಿ ಅದನ್ನು ಸ್ಟುಡಿಯೋ ಯೂಸರ್‌ಗೆ ಕೊಡಿ.

ಕಲರ್‌ಲ್ಯಾಬ್_ಮೈಸೂರು:

ಸರಿಯಾದ ಹೊತ್ತಿಗೆ ಹೇಳಿದಿರಿ, ಥ್ಯಾಂಕ್ಸ್. ಒಳಗೆ "ಆಲ್ಬಂ" ಅಂತ ಫೋಲ್ಡರ್ ಮಾಡಿದೆ. ಶ್ರೀರಂಗಪಟ್ಟಣ ಸಲೀಸು.

ಆದರೆ ಕ್ರೂಟ್ ಹಾಕಿದ ಮೇಲೆ ಮದ್ದೂರಿನವರು ಮತ್ತೆ ಫೋನ್ ಮಾಡಿ "ಮತ್ತೆ ಲಾಗಿನ್ ಹೋಯ್ತು" ಅಂದರು. ಲಾಗ್ ನೋಡಿದರೆ ಲಾಗಿನ್ ಆಗಿದೆ, ಸೆಷನ್ನೂ ಇದೆ. ಸ್ಕ್ರೀನ್ ಫೋಟೋ ತರಿಸಿದೆ. ಫೈಲ್‌ಜಿಲ್ಲಾದ ಸೈಟ್ ಮ್ಯಾನೇಜರ್‌ನಲ್ಲಿ ಹಳೇ ಪಾತ್ ಡೀಫಾಲ್ಟ್ ಫೋಲ್ಡರ್ ಆಗಿ ಸೇವ್ ಆಗಿತ್ತು. ಕ್ರೂಟ್ ಒಳಗೆ ಆ ಪಾತ್ ಇಲ್ಲವಲ್ಲ, ಲಿಸ್ಟ್ ಬರಲಿಲ್ಲ. ಅದನ್ನು ಅಳಿಸಿಸಿದೆ, ಆಯಿತು. ಇನ್ನು ಮೇಲೆ "ಲಾಗಿನ್ ಆಗ್ತಿಲ್ಲ" ಅಂದರೆ ಮೊದಲು ಸ್ಕ್ರೀನ್ ಫೋಟೋ ಕಳಿಸಿ ಅಂತ ಎಲ್ಲರಿಗೂ ಹೇಳಿದ್ದೇನೆ.

ಮಂಡ್ಯದ ಒಂದು ದೊಡ್ಡ ಸ್ಟುಡಿಯೋ ಬಾಕಿ. ಅವರಿಗೆ ಬೆಳಿಗ್ಗೆ ಆಗುತ್ತಿತ್ತು. ಈಗ "ಕನೆಕ್ಷನ್ ರೆಫ್ಯೂಸ್ಡ್". ಆಥ್.ಲಾಗ್‌ನಲ್ಲಿ ಅವರ ಸುಳಿವೇ ಇಲ್ಲ. ಅವರದ್ದು ಪಾಸ್‌ವರ್ಡ್ ಇವತ್ತು ಬದಲಾಯಿಸಿ ಕೊಟ್ಟಿದ್ದೆ.

ಹೆಬ್ಬಾಳ_ನೈಟ್‌ಶಿಫ್ಟ್:

ಫೇಲ್2ಬ್ಯಾನ್ (ಪದೇಪದೇ ಲಾಗಿನ್ ತಪ್ಪಿದ ಐಪಿಯನ್ನು ತಡೆಯುವ ಪ್ರೋಗ್ರಾಂ) ಹಾಕಿದ್ದೀರಾ? ಪಾಸ್‌ವರ್ಡ್ ಬದಲಾಯಿತು ಅಂದಿರಿ. ಸ್ಟುಡಿಯೋದಲ್ಲಿ ಇರುವ ಎಲ್ಲ ಕಂಪ್ಯೂಟರ್‌ನಲ್ಲೂ ಹಳೇ ಪಾಸ್‌ವರ್ಡ್ ಸೇವ್ ಆಗಿರುತ್ತದೆ. ಒಬ್ಬೊಬ್ಬರೂ ಒತ್ತುತ್ತಾರೆ. ಹೊರಗೆ ಎಲ್ಲರದ್ದೂ ಒಂದೇ ಪಬ್ಲಿಕ್ ಐಪಿ. ಡೀಫಾಲ್ಟ್ ಪ್ರಕಾರ 10 ನಿಮಿಷದೊಳಗೆ 5 ಸಲ ತಪ್ಪಿದರೆ 10 ನಿಮಿಷ ಬ್ಯಾನ್. ಬ್ಯಾನ್ ಮುಗಿದ ತಕ್ಷಣ ಮತ್ತೆ ಹಳೇ ಪಾಸ್‌ವರ್ಡ್, ಮತ್ತೆ ಬ್ಯಾನ್.

ಫೇಲ್2ಬ್ಯಾನ್‌ನ ಮಾಮೂಲಿ ಸೆಟ್ಟಿಂಗ್ ಪ್ಯಾಕೆಟ್ಟನ್ನು ರಿಜೆಕ್ಟ್ ಮಾಡುತ್ತದೆ, ಅದಕ್ಕೇ ಕೂಡಲೇ "ರೆಫ್ಯೂಸ್ಡ್" ಬರುವುದು. ಕ್ಲೌಡ್‌ನ ಫೈರ್‌ವಾಲ್ ತಡೆದಿದ್ದರೆ ಸಾಮಾನ್ಯವಾಗಿ ಉತ್ತರವೇ ಇಲ್ಲದೆ ಟೈಮ್‌ಔಟ್ ಆಗುತ್ತದೆ. ಫೇಲ್2ಬ್ಯಾನ್-ಕ್ಲೈಂಟ್ ಸ್ಟೇಟಸ್ ಎಸ್‌ಎಸ್‌ಎಚ್‌ಡಿ ಅಂತ ಕೊಟ್ಟು ಪಟ್ಟಿ ನೋಡಿ, ಸೆಟ್ ಎಸ್‌ಎಸ್‌ಎಚ್‌ಡಿ ಅನ್‌ಬ್ಯಾನ್‌ಐಪಿ ಕೊಟ್ಟು ಬಿಡಿಸಿ. ಅದಕ್ಕೆ ಮೊದಲು ಅವರ ಎಲ್ಲ ಕಂಪ್ಯೂಟರ್‌ನಲ್ಲೂ ಹೊಸ ಪಾಸ್‌ವರ್ಡ್ ಹಾಕಿಸಿ.

ಕಲರ್‌ಲ್ಯಾಬ್_ಮೈಸೂರು:

ಪಟ್ಟಿಯಲ್ಲಿ ಅವರ ಐಪಿ ಸಿಕ್ಕಿತು. ಬಿಡಿಸಿದೆ, ಫೈಲ್ ಬರುತ್ತಿವೆ.

ಗುತ್ತಲು_ಕ್ಲಿಕ್:

ಒಂದು ಡೌಟು ತಾತ. ಇಷ್ಟೆಲ್ಲ ಕಷ್ಟ ಯಾಕೆ, ಮೊದಲಿನ ಹಾಗೆ ಮಾಮೂಲಿ ಎಫ್‌ಟಿಪಿ ಇಟ್ಟರೆ ಆಗಲ್ವಾ? ನಮ್ಮ ಲ್ಯಾಬಿನವರು ಇನ್ನೂ ಅದರಲ್ಲೇ ಇದ್ದಾರೆ. ಅಲ್ಲಿ 530 ಲಾಗಿನ್ ಇನ್‌ಕರೆಕ್ಟ್ ಅಂತ ಬರುತ್ತದೆ.

ಟರ್ಮಿನಲ್_ತಾತ:

ಎಫ್‌ಟಿಪಿ ನಮ್ಮವರದೇ ಕೂಸು, ಗೊತ್ತಾ? 1971ರ ಏಪ್ರಿಲ್‌ನಲ್ಲಿ ಅದರ ಮೊದಲ ವಿವರಣೆಯಾದ ಆರ್‌ಎಫ್‌ಸಿ 114 ಬರೆದವರು ಅಭಯ್ ಭೂಷಣ್, ಐಐಟಿ ಕಾನ್ಪುರದ ಮೊದಲ ಬ್ಯಾಚಿನವರು. ಆಗ ಇಂಟರ್ನೆಟ್‌ನ ಪೂರ್ವಜ ಆರ್ಪಾನೆಟ್‌ನಲ್ಲಿ ಇದ್ದ ಕಂಪ್ಯೂಟರ್‌ಗಳೇ ಬೆರಳೆಣಿಕೆ, ಕದ್ದು ಕೇಳುವವರ ಚಿಂತೆ ಇರಲಿಲ್ಲ. ಅದರಲ್ಲಿ ಪಾಸ್‌ವರ್ಡ್ ತೆರೆದ ಅಕ್ಷರದಲ್ಲೇ ಹೋಗುತ್ತದೆ. 1995ರಲ್ಲಿ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಪಾಸ್‌ವರ್ಡ್ ಕದ್ದ ಮೇಲೇ ತಾತು ಯ್ಲೋನೆನ್ ಎಸ್‌ಎಸ್‌ಎಚ್ ಬರೆದದ್ದು. ಎಫ್‌ಟಿಪಿಯ 21, ಟೆಲ್ನೆಟ್‌ನ 23ರ ನಡುವಿನ 22ನ್ನೇ ಪೋರ್ಟ್ ಆಗಿ ಕೇಳಿ ಪಡೆದರು. ಹೊಸದಾಗಿ ಎಫ್‌ಟಿಪಿ ಹಾಕುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

530 ಬಂದರೆ ನಿಮ್ಮ ಲ್ಯಾಬಿನವರಿಗೆ ಮೂರು ಜಾಗ ನೋಡಲು ಹೇಳು. ಒಂದು, ಯೂಸರ್‌ನ ಶೆಲ್ ಇಟಿಸಿ ಶೆಲ್ಸ್ ಫೈಲಿನಲ್ಲಿ ಇದೆಯಾ ಅಂತ. ಇಲ್ಲದಿದ್ದರೆ ಲಾಗಿನ್ ಪರೀಕ್ಷಿಸುವ ಪ್ಯಾಮ್ ತಿರಸ್ಕರಿಸುತ್ತದೆ, ಪಾಸ್‌ವರ್ಡ್ ಸರಿಯಿದ್ದರೂ. ಇನ್ನೊಂದು ಇಟಿಸಿ ಎಫ್‌ಟಿಪಿಯೂಸರ್ಸ್. ಹೆಸರು ನೋಡಿ ಎಫ್‌ಟಿಪಿ ಬಳಸುವವರ ಪಟ್ಟಿ ಅಂದುಕೊಂಡು ಯೂಸರ್‌ಗಳನ್ನು ಅದಕ್ಕೆ ಸೇರಿಸುತ್ತಾರೆ. ಅದು ಒಳಗೆ ಬಿಡಬಾರದವರ ಪಟ್ಟಿ! ಮೂರನೆಯದು ಚೇಜ್ ಹೈಫನ್ ಎಲ್, ಪಾಸ್‌ವರ್ಡ್ ಅವಧಿ ಮುಗಿದಿದೆಯಾ ಅಂತ. ಲಾಗಿನ್ ಆಗಿ ಲಿಸ್ಟ್ ಹತ್ತಿರ ನೇತಾಡಿದರೆ ಅದು ಪ್ಯಾಸಿವ್ ಪೋರ್ಟ್‌ಗಳಿಗೆ ಫೈರ್‌ವಾಲ್ ತೆರೆದಿಲ್ಲ ಅಂತ, ಅದು ಬೇರೆ ಕಥೆ.

ಗುತ್ತಲು_ಕ್ಲಿಕ್:

ಎಫ್‌ಟಿಪಿಯೂಸರ್ಸ್! ಫೋನ್ ಮಾಡಿ ಕೇಳಿದೆ. ಆ ಫೈಲಿನಲ್ಲಿ ಮಂಡ್ಯದ ಸ್ಟುಡಿಯೋಗಳ ಹೆಸರೆಲ್ಲ ನೀಟಾಗಿ ಬರೆದಿಟ್ಟಿದ್ದಾರಂತೆ. ಈಗ ಅಳಿಸುತ್ತಿದ್ದಾರೆ.